ಅರಾಜಕತಾವಾದ, ಬಂಡವಾಳಶಾಹಿ ಮತ್ತು ದೇವರ ರಾಜ್ಯ: ಘಟಪ್ರಭೆಯ ದಡದಿಂದ ಒಂದು ವಿಚಾರ

ಪೀಠಿಕೆ

2025ರ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆಯ ಮೇಲೆಯೇ ಹಗಲಿರುಳು ಕುಳಿತಿದ್ದರು. ಟನ್ನು ಕಬ್ಬಿಗೆ 3,500 ರೂಪಾಯಿ ಕೊಡಬೇಕೆಂಬುದು ಅವರ ಬೇಡಿಕೆಯಾಗಿತ್ತು. ಚಳವಳಿಯು ಗೋಕಾಕ, ಹುಕ್ಕೇರಿ, ಅಥಣಿ, ಚಿಕ್ಕೋಡಿಗಳಿಗೆ ಹಬ್ಬಿತು. ಕೊನೆಗೆ ಮುಖ್ಯಮಂತ್ರಿಗಳು ಕಾರ್ಖಾನೆಯ ಮಾಲೀಕರನ್ನೂ ರೈತ ಮುಖಂಡರನ್ನೂ ಬೆಂಗಳೂರಿಗೆ ಕರೆಸಿ ಮಾತನಾಡಿದ ಮೇಲೆ 3,300 ರೂಪಾಯಿ ಎಂದು ನಿಶ್ಚಯವಾಯಿತು. ಅದರಲ್ಲಿ 50 ರೂಪಾಯಿಯನ್ನು ಸರ್ಕಾರವೇ ಭರಿಸಲು ಒಪ್ಪಿತು. ಅದೇ ದಿನಗಳಲ್ಲಿ ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಟೋಲ್ ನಾಕೆಯ ಬಳಿ ಕಲ್ಲುತೂರಾಟವೂ ಲಾಠಿ ಪ್ರಹಾರವೂ ನಡೆದವು. ಇಂಥ ಪ್ರಸಂಗವನ್ನು ವರ್ಣಿಸುವುದಕ್ಕೆ ನಮ್ಮಲ್ಲಿ ಒಂದು ಸಿದ್ಧ ಪದವುಂಟು: 'ಅರಾಜಕತೆ'.

ಆದರೆ ರಸ್ತೆಯಲ್ಲಿ ಕುಳಿತ ಆ ರೈತರು ಅರಾಜಕತೆಯನ್ನು ಬಯಸಿದವರಲ್ಲ. ಅವರು ಬಯಸಿದ್ದು ರಾಜ್ಯಾಧಿಕಾರವು ನಡುವೆ ಬಂದು, ಖಾಸಗಿ ಬಂಡವಾಳದ ಎದುರು ತಮ್ಮ ಪರವಾಗಿ ನಿಲ್ಲಬೇಕೆಂಬುದನ್ನು. ರಾಜ್ಯವು ಬಡವನ ರಕ್ಷಕನೋ, ಇಲ್ಲವೆ ಧನಿಕನ ಕಾವಲುಗಾರನೋ? ರಾಜ್ಯವಿಲ್ಲದಿದ್ದರೆ ಬಂಡವಾಳದ ಬಲವು ಕುಗ್ಗುವುದೋ ಹಿಗ್ಗುವುದೋ? ಈ ಪ್ರಶ್ನೆಗಳನ್ನು ಕಳೆದ ಎರಡು ಶತಮಾನಗಳಲ್ಲಿ ತುದಿಮುಟ್ಟ ವಿಚಾರಿಸಿದವರು ಅರಾಜಕತಾವಾದಿಗಳು. ಅವರಲ್ಲಿ ಒಂದೇ ಮತವಿಲ್ಲ. ಬಂಡವಾಳಶಾಹಿಯ ವಿಷಯದಲ್ಲಿ ಅವರ ಪಂಥಗಳು ಬೇರೆ ಬೇರೆ ದಾರಿ ಹಿಡಿದಿವೆ. ಸಭಾಪಾಲನೆಗೆ ಸಿದ್ಧರಾಗುತ್ತಿರುವವರು ಅವನ್ನು ವಿಂಗಡಿಸಿ ತಿಳಿಯುವುದು ಅಗತ್ಯ. ಏಕೆಂದರೆ ನಮ್ಮ ಸಭೆಗಳ ಪೀಠಗಳಲ್ಲಿ ಕಬ್ಬು ಬೆಳೆಯುವವನೂ ಕಾರ್ಖಾನೆಯ ನೌಕರನೂ ಹೊಲದ ಕೂಲಿಯವನೂ ಒಟ್ಟಿಗೆ ಕುಳಿತಿರುತ್ತಾರೆ.

ಪದದ ಅರ್ಥ

ಕನ್ನಡದ 'ಅರಾಜಕ' ಶಬ್ದವು ಅರಸನಿಲ್ಲದ ನಾಡಿನ ಭಯವನ್ನು ಹೊತ್ತು ಬಂದಿದೆ. ಅರಸನಿಲ್ಲದಿದ್ದರೆ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮಾತ್ಸ್ಯನ್ಯಾಯ ಬರುತ್ತದೆಂಬುದು ನಮ್ಮ ಪ್ರಾಚೀನ ರಾಜನೀತಿಯ ನಂಬಿಕೆ. ನ್ಯಾಯಸ್ಥಾಪಕರು ಗ್ರಂಥದ ಕೊನೆಯ ವಚನವೂ ಇಸ್ರಾಯೇಲಿನಲ್ಲಿ ಅರಸನಿಲ್ಲದ ಕಾಲವನ್ನು ಇದೇ ಕಳವಳದಿಂದ ನೋಡುತ್ತದೆ.

ಯೂರೋಪಿನ ಪದದ ಮೂಲ ಬೇರೆ. ಗ್ರೀಕ್ ಭಾಷೆಯ 'ಅರ್ಖೆ' ಎಂದರೆ ಮೊದಲು, ಮೂಲ, ಆಳ್ವಿಕೆ. ಅದರ ಅಭಾವವೇ 'ಅನಾರ್ಖಿಯ'. ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ಓದುವ ವಿದ್ಯಾರ್ಥಿಗಳಿಗೆ ಈ ಶಬ್ದ ಹೊಸದಲ್ಲ. ಎಫೆಸದವರಿಗೆ 6:12ರಲ್ಲಿಯೂ ಕೊಲೊಸ್ಸೆಯವರಿಗೆ 1:16 ಮತ್ತು 2:15ರಲ್ಲಿಯೂ ಪೌಲನ ಹೆಸರಿನ ಪತ್ರಿಕೆಗಳು ಹೇಳುವ ದೊರೆತನಗಳು ಈ 'ಅರ್ಖೆ'ಗಳೇ. ಅವು ಕ್ರಿಸ್ತನಲ್ಲಿ ಸೃಷ್ಟಿಯಾದವು, ಆದರೆ ಬಿದ್ದುಹೋದವು, ಶಿಲುಬೆಯಲ್ಲಿ ನಿರಾಯುಧವಾದವು. ಆದ್ದರಿಂದ ಅರಾಜಕತಾವಾದವೆಂದರೆ ಗೊಂದಲವನ್ನು ಬಯಸುವ ವಾದವಲ್ಲ. ಒಬ್ಬನು ಮತ್ತೊಬ್ಬನ ಮೇಲೆ ಬಲಾತ್ಕಾರದ ಒಡೆತನ ನಡೆಸುವ ಹಕ್ಕಿಗೆ ನ್ಯಾಯವಾದ ಆಧಾರವಿದೆಯೇ ಎಂದು ಕೇಳುವ ವಾದವದು. ಈ ಪ್ರಶ್ನೆಯನ್ನು ಅರಮನೆಯ ಬಾಗಿಲಲ್ಲಿ ಮಾತ್ರ ಕೇಳಬೇಕೋ, ಗಿರಣಿಯ ಬಾಗಿಲಲ್ಲಿಯೂ ಕೇಳಬೇಕೋ ಎಂಬಲ್ಲಿ ಪಂಥಗಳು ಕವಲೊಡೆಯುತ್ತವೆ.

ಪಂಥಗಳ ಪರಿಚಯ

1. ಪರಸ್ಪರತಾವಾದ

ತನ್ನನ್ನು ಅರಾಜಕತಾವಾದಿ ಎಂದು ಮೊದಲು ಕರೆದುಕೊಂಡವನು ಫ್ರಾನ್ಸಿನ ಪಿಯೇರ್ ಜೋಸೆಫ್ ಪ್ರೂಧೋನ್. 1840ರಲ್ಲಿ ಪ್ರಕಟವಾದ ಸ್ವತ್ತನ್ನು ಕುರಿತ ಗ್ರಂಥದಲ್ಲಿ ಅವನು ಸ್ವತ್ತು ಕಳ್ಳತನವೆಂದು ಸಾರಿ ಪ್ರಸಿದ್ಧನಾದನು. ಆದರೆ ಅವನು ಎಲ್ಲ ಬಗೆಯ ಒಡೆತನವನ್ನು ತಳ್ಳಿಹಾಕಲಿಲ್ಲ. ರೈತನು ತಾನು ಉಳುವ ಹೊಲವನ್ನು, ಕಮ್ಮಾರನು ತನ್ನ ಕುಲುಮೆಯನ್ನು ಇಟ್ಟುಕೊಳ್ಳುವುದು 'ಸ್ವಾಧೀನ'; ಅದು ನ್ಯಾಯ. ತಾನು ದುಡಿಯದೆ, ಪರರು ದುಡಿದುದರಲ್ಲಿ ಗೇಣಿ, ಬಾಡಿಗೆ, ಬಡ್ಡಿಗಳನ್ನು ಪಡೆಯಲು ಕಾನೂನು ಕೊಡುವ ಹಕ್ಕು 'ಸ್ವತ್ತು', ಅದು ಅನ್ಯಾಯ. ಕರ್ನಾಟಕದಲ್ಲಿ 1974ರ ಭೂಸುಧಾರಣೆಯು ಉಳುವವನೇ ಹೊಲದೊಡೆಯನೆಂದು ಹೇಳಿದಾಗ ಪ್ರೂಧೋನನ ಈ ಭೇದವೇ ಶಾಸನದ ರೂಪ ತಾಳಿತೆನ್ನಬಹುದು. ಆದರೆ ಅದನ್ನು ಜಾರಿಗೆ ತಂದದ್ದು ಅವನು ಒಪ್ಪದ ರಾಜ್ಯಾಧಿಕಾರವೇ ಎಂಬುದನ್ನು ಮರೆಯುವಂತಿಲ್ಲ.

ಬಂಡವಾಳಶಾಹಿಗೆ ಪ್ರೂಧೋನನ ಪರಿಹಾರ ಕ್ರಾಂತಿಯಲ್ಲ, ಪರಸ್ಪರ ಸಾಲ. ದುಡಿಯುವವರೇ ಕೂಡಿ ಬಡ್ಡಿಯಿಲ್ಲದ, ಇಲ್ಲವೆ ಅತ್ಯಲ್ಪ ಬಡ್ಡಿಯ ಬ್ಯಾಂಕನ್ನು ಕಟ್ಟಿದರೆ ಬಂಡವಾಳಗಾರನ ಹಿಡಿತ ತಾನಾಗಿ ಸಡಿಲುವುದೆಂದು ಅವನು ನಂಬಿದ್ದನು. 1849ರಲ್ಲಿ ಅವನು ಆರಂಭಿಸಲು ಯತ್ನಿಸಿದ ಜನತಾ ಬ್ಯಾಂಕು ಅವನಿಗೆ ಸೆರೆಮನೆಯ ಶಿಕ್ಷೆಯಾದುದರಿಂದ ನಿಂತುಹೋಯಿತು. ಮಾರುಕಟ್ಟೆ ಇರಲಿ, ವಿನಿಮಯ ಇರಲಿ, ಕೂಲಿಯಾಳು ಮತ್ತು ಒಡೆಯ ಎಂಬ ಸಂಬಂಧ ಬೇಡ ಎಂಬುದು ಈ ಪಂಥದ ಸಾರ.

2. ಸಮಷ್ಟಿವಾದ

ರಷ್ಯದ ಮಿಖಾಯಿಲ್ ಬಕುನಿನ್ ಇನ್ನೊಂದು ಹೆಜ್ಜೆ ಮುಂದಿಟ್ಟನು. ಭೂಮಿಯೂ ಯಂತ್ರಗಳೂ ದುಡಿಯುವವರ ಸಮೂಹಕ್ಕೆ ಸೇರಬೇಕು. ದುಡಿಮೆಗೆ ತಕ್ಕ ಪಾಲು ಪ್ರತಿಯೊಬ್ಬನಿಗೂ ಸಿಕ್ಕಬೇಕು. ಬಂಡವಾಳಶಾಹಿಯ ಖಂಡನೆಯಲ್ಲಿ ಅವನು ಮಾರ್ಕ್ಸನಿಗೆ ಸಮೀಪದವನು. ಆದರೆ ಕಾರ್ಮಿಕರ ಹೆಸರಿನಲ್ಲಿ ರಾಜ್ಯವನ್ನು ವಶಪಡಿಸಿಕೊಂಡವರು ಸ್ವಲ್ಪ ಕಾಲದಲ್ಲಿಯೇ ಕಾರ್ಮಿಕರ ಮೇಲೆ ಹೊಸ ಆಳುವ ವರ್ಗವಾಗುತ್ತಾರೆಂದು ಅವನು ಎಚ್ಚರಿಸಿದನು. 1872ರ ಹೇಗ್ ಅಧಿವೇಶನದಲ್ಲಿ ಅವನನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘದಿಂದ ಹೊರಹಾಕಲಾಯಿತು. ಇಪ್ಪತ್ತನೆಯ ಶತಮಾನದ ಇತಿಹಾಸವನ್ನು ಬಲ್ಲವರು ಅವನ ಎಚ್ಚರಿಕೆಯನ್ನು ಹಗುರವಾಗಿ ಕಾಣಲಾರರು.

ಬಕುನಿನ್ ದೇವರನ್ನೂ ರಾಜ್ಯವನ್ನೂ ಒಂದೇ ನೊಗದ ಎರಡು ತುದಿಗಳೆಂದು ಎಣಿಸಿದ್ದನು. ಪರಲೋಕದಲ್ಲಿ ಒಡೆಯನಿದ್ದರೆ ಭೂಲೋಕದಲ್ಲಿ ಮನುಷ್ಯನು ಗುಲಾಮನೇ ಎಂಬುದು ಅವನ ತರ್ಕ. ಈ ಆಕ್ಷೇಪಣೆಗೆ ದೇವಶಾಸ್ತ್ರವು ಉತ್ತರ ಕೊಡಲೇಬೇಕು. ಐಗುಪ್ತದ ಇಟ್ಟಿಗೆಯ ಗುಳಿಗಳಿಂದ ದಾಸರನ್ನು ಬಿಡಿಸಿದ ದೇವರು, ಫಿಲಿಪ್ಪಿಯವರಿಗೆ 2ನೆಯ ಅಧ್ಯಾಯದಲ್ಲಿ ದಾಸನ ರೂಪವನ್ನು ಧರಿಸಿಕೊಂಡ ಕ್ರಿಸ್ತನು, ಬಕುನಿನ್ ಕಲ್ಪಿಸಿಕೊಂಡ ಆ ಒಡೆಯನಲ್ಲ. ಆದರೆ ಅವನು ಕಂಡ ಸಭೆಯು ಚಕ್ರವರ್ತಿಯ ಸಭೆಯಾಗಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು. ನಾವು ಆರಾಧಿಸುವ ದೇವರಿಗಿಂತಲೂ ನಾವು ತೋರಿಸಿದ ದೇವರೇ ಅವನ ನಾಸ್ತಿಕ್ಯಕ್ಕೆ ಕಾರಣನಾಗಿರಬಹುದು.

3. ಅರಾಜಕ ಸಾಮ್ಯವಾದ

ಪೀಟರ್ ಕ್ರೊಪೊಟ್ಕಿನ್ ರಾಜವಂಶದಲ್ಲಿ ಹುಟ್ಟಿದ ಭೂಗೋಳ ಶಾಸ್ತ್ರಜ್ಞ. ದುಡಿಮೆಯನ್ನು ತೂಗಿ ಪಾಲು ಕೊಡುವುದೇ ಅಸಾಧ್ಯವೆಂದು ಅವನು ವಾದಿಸಿದನು. ಒಂದು ರೊಟ್ಟಿಯ ಹಿಂದೆ ಉತ್ತವನು, ಬಿತ್ತಿದವನು, ರಸ್ತೆ ಮಾಡಿದವನು, ನೇಗಿಲನ್ನು ಕಂಡುಹಿಡಿದ ಹೆಸರಿಲ್ಲದ ಪೂರ್ವಜ, ಎಲ್ಲರೂ ಇದ್ದಾರೆ. ಇದರಲ್ಲಿ ನನ್ನದೆಷ್ಟು ಎಂದು ಬಿಡಿಸುವುದು ಹೇಗೆ? ಆದುದರಿಂದ ಶಕ್ತಿಗೆ ತಕ್ಕ ದುಡಿಮೆ, ಅವಶ್ಯಕತೆಗೆ ತಕ್ಕ ಪಾಲು. ಕೂಲಿಯ ಪದ್ಧತಿಯೇ ಬೇಡ. 1902ರಲ್ಲಿ ಪ್ರಕಟವಾದ ಪರಸ್ಪರ ಸಹಾಯವನ್ನು ಕುರಿತ ತನ್ನ ಗ್ರಂಥದಲ್ಲಿ, ಜೀವಿಗಳು ಹೋರಾಟದಿಂದ ಮಾತ್ರವಲ್ಲದೆ ನೆರವಿನಿಂದಲೂ ಬಾಳಿ ಉಳಿದಿವೆ ಎಂದು ಅವನು ಉದಾಹರಣೆಗಳನ್ನು ಕೂಡಿಸಿದನು. ನಮ್ಮ ಒಕ್ಕಲುತನದ ಮುಯ್ಯಾಳು ಪದ್ಧತಿಯನ್ನು ಅವನು ಕಂಡಿದ್ದರೆ ತನ್ನ ಗ್ರಂಥಕ್ಕೆ ಸೇರಿಸಿಕೊಳ್ಳುತ್ತಿದ್ದನು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ಆ ಕಟ್ಟಳೆಯಲ್ಲಿ ದುಡ್ಡಿಗೆ ಸ್ಥಾನವಿಲ್ಲ.

ಅಪೊಸ್ತಲರ ಕೃತ್ಯಗಳು 2 ಮತ್ತು 4ನೆಯ ಅಧ್ಯಾಯಗಳ ಯೆರೂಸಲೇಮಿನ ಸಭೆಯನ್ನು ಓದುವವರಿಗೆ ಈ ಪಂಥವು ಪರಿಚಿತವೆನಿಸುತ್ತದೆ. ಅವರವರ ಅವಶ್ಯಕತೆಯೇ ಅಲ್ಲಿಯೂ ಹಂಚಿಕೆಯ ಅಳತೆಯಾಗಿತ್ತು.

4. ಕಾರ್ಮಿಕ ಸಂಘವಾದ

ಫ್ರಾನ್ಸಿನಲ್ಲಿ 1895ರಲ್ಲಿ ಸ್ಥಾಪಿತವಾದ ಕಾರ್ಮಿಕ ಮಹಾಸಂಘವೂ ಸ್ಪೇನಿನಲ್ಲಿ 1910ರಲ್ಲಿ ಹುಟ್ಟಿದ ಸಿ.ಎನ್.ಟಿ. ಸಂಘವೂ ಈ ಮಾರ್ಗದ ಮುಖ್ಯ ನಿದರ್ಶನಗಳು. ಕಾರ್ಮಿಕ ಸಂಘವು ಇಂದು ಕೂಲಿಗಾಗಿ ಹೋರಾಡುವ ಆಯುಧ, ನಾಳೆ ಕಾರ್ಖಾನೆಯನ್ನು ನಡೆಸುವ ಸಂಸ್ಥೆ. ಪಕ್ಷ, ಚುನಾವಣೆಗಳ ಗೊಡವೆ ಬೇಡ ಎಂಬುದು ಇದರ ನಿಲುವು. 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಆರಂಭವಾದಾಗ ಕಟಲೋನಿಯದ ಕಾರ್ಖಾನೆಗಳನ್ನೂ ಅರಗಾನಿನ ಹೊಲಗಳನ್ನೂ ದುಡಿಯುವವರೇ ಕೈಗೆ ತೆಗೆದುಕೊಂಡು ನಡೆಸಿದರು. ಅದೇ ಯುದ್ಧದಲ್ಲಿ ಗಣರಾಜ್ಯದ ಪ್ರದೇಶದಲ್ಲಿ ಸುಮಾರು 6,800 ಮಂದಿ ಗುರುಗಳೂ ಸನ್ಯಾಸಿಗಳೂ ಸನ್ಯಾಸಿನಿಯರೂ ಕೊಲೆಯಾದರು. ಎಲ್ಲವನ್ನೂ ಅರಾಜಕತಾವಾದಿಗಳೇ ಮಾಡಲಿಲ್ಲ. ಆದರೆ ಅವರ ಪಾಲು ಅದರಲ್ಲಿ ಚಿಕ್ಕದಲ್ಲ. ಬಲಾತ್ಕಾರವಿಲ್ಲದ ಸಮಾಜವನ್ನು ಬಲಾತ್ಕಾರದಿಂದ ಕಟ್ಟಲು ಹೊರಟವರ ದುರಂತವಿದು. ಭೂಮಾಲೀಕರೊಡನೆ ಬೆರೆತುಹೋಗಿದ್ದ ಸಭೆಯ ದುರಂತವೂ ಹೌದು.

5. ವ್ಯಕ್ತಿವಾದಿ ಪಂಥ

ಅಮೆರಿಕದ ಜೋಸಾಯ ವಾರನ್ 1827ರಲ್ಲಿ ಸಿನ್ಸಿನಾಟಿ ನಗರದಲ್ಲಿ ಒಂದು ಅಂಗಡಿ ತೆರೆದನು. ಅಲ್ಲಿ ಸರಕಿಗೆ ತಗುಲಿದ ವೆಚ್ಚವೇ ಅದರ ಬೆಲೆಯ ಮಿತಿ. ಅಂಗಡಿಯವನ ಸಮಯಕ್ಕೆ ಗಿರಾಕಿಯು ತನ್ನ ದುಡಿಮೆಯ ಸಮಯವನ್ನೇ ಕೊಡಬೇಕು. ಅವನ ತರುವಾಯ ಬಂದ ಬೆಂಜಮಿನ್ ಟಕರ್ 1881ರಿಂದ 1908ರವರೆಗೆ ನಡೆಸಿದ ಪತ್ರಿಕೆಯಲ್ಲಿ, ಬಂಡವಾಳಗಾರನ ಲಾಭವು ಮುಕ್ತ ಮಾರುಕಟ್ಟೆಯ ಫಲವಲ್ಲ, ರಾಜ್ಯವು ದಯಪಾಲಿಸಿದ ಏಕಸ್ವಾಮ್ಯಗಳ ಫಲ ಎಂದು ವಾದಿಸಿದನು. ಹಣ, ಭೂಮಿ, ಆಮದು ಸುಂಕ, ಪೇಟೆಂಟ್ ಎಂಬ ನಾಲ್ಕನ್ನು ಅವನು ಹೆಸರಿಸಿದನು. ರಾಜ್ಯವು ಕೈ ತೆಗೆದರೆ ಬಡ್ಡಿ, ಗೇಣಿ, ಲಾಭಗಳು ಪೈಪೋಟಿಯಲ್ಲಿ ಕರಗಿಹೋಗುವುವೆಂಬುದು ಅವನ ನಂಬಿಕೆ. ಇದು ಮಾರುಕಟ್ಟೆಯ ಪರವಾದ, ಆದರೆ ಬಂಡವಾಳಶಾಹಿಯ ವಿರುದ್ಧವಾದ ವಾದ. ಈ ಎರಡೂ ಒಂದೇ ಎಂದು ತಿಳಿದಿರುವ ನಮ್ಮ ಕಾಲಕ್ಕೆ ಈ ಭೇದವು ಕಣ್ಣು ತೆರೆಸುವಂಥದು.

6. ಅರಾಜಕ ಬಂಡವಾಳವಾದ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಮರ್ರೆ ರಾತ್‌ಬಾರ್ಡ್, ಡೇವಿಡ್ ಫ್ರೀಡ್‌ಮನ್ ಮುಂತಾದವರು ಹೊಸದೊಂದು ಮತವನ್ನು ಮುಂದಿಟ್ಟರು. ಕರವೆಂಬುದು ಸುಲಿಗೆ, ಪೊಲೀಸು, ನ್ಯಾಯಾಲಯಗಳನ್ನೂ ಖಾಸಗಿಯವರೇ ಒಪ್ಪಂದದ ಮೇಲೆ ನಡೆಸಲಿ, ಖಾಸಗಿ ಸ್ವತ್ತು ಮಾತ್ರ ಅಬಾಧಿತವಾಗಿರಲಿ ಎಂಬುದು ಅವರ ವಾದ. ಹಿಂದೆ ಹೇಳಿದ ಐದು ಪಂಥಗಳವರೂ ಇದನ್ನು ತಮ್ಮ ಬಳಗವೆಂದು ಒಪ್ಪುವುದಿಲ್ಲ. ಸ್ವತ್ತಿನ ಒಡೆಯನು ತನ್ನ ಬೇಲಿಯೊಳಗೆ ತಾನೇ ಸಣ್ಣ ಅರಸನಾಗುವನು, ಕೂಲಿಯವನಿಗೆ ಒಬ್ಬ ದೊರೆಯ ಬದಲು ನೂರು ದೊರೆಗಳಾಗುವರು ಎಂಬುದು ಅವರ ಆಕ್ಷೇಪಣೆ. ಇವರಾದರೋ, ಇಷ್ಟಪಟ್ಟು ಮಾಡಿಕೊಂಡ ಒಪ್ಪಂದದಲ್ಲಿ ದಬ್ಬಾಳಿಕೆಯೆಲ್ಲಿಂದ ಬರುತ್ತದೆ ಎಂದು ಕೇಳುತ್ತಾರೆ. ಚರ್ಚೆಯ ಗಂಟು ಇರುವುದು ಈ 'ಇಷ್ಟ'ದಲ್ಲಿ. ಅದನ್ನು ಮುಂದೆ ಕಬ್ಬಿನ ಹೊಲದಲ್ಲಿ ನಿಂತು ಪರೀಕ್ಷಿಸೋಣ.

ಕ್ರೈಸ್ತ ಧಾರೆ ಮತ್ತು ಅದು ನಮ್ಮ ನಾಡಿಗೆ ಬಂದ ಬಗೆ

ಲಿಯೊ ಟಾಲ್‌ಸ್ಟಾಯ್ ತನ್ನನ್ನು ಅರಾಜಕತಾವಾದಿಯೆಂದು ಕರೆದುಕೊಳ್ಳಲು ಹಿಂಜರಿದನು. ಆದರೆ ಪರ್ವತ ಪ್ರಸಂಗವನ್ನು ಅಕ್ಷರಶಃ ಹಿಡಿದು ಅವನು ತಲುಪಿದ ತೀರ್ಮಾನ ಅದೇ. ಕೆಡುಕನನ್ನು ಬಲದಿಂದ ಎದುರಿಸಬಾರದಾದರೆ ಸೈನ್ಯ, ಸೆರೆಮನೆ, ಗಲ್ಲುಗಳ ಮೇಲೆ ನಿಂತ ರಾಜ್ಯವನ್ನು ಕ್ರೈಸ್ತನು ಹೇಗೆ ಬೆಂಬಲಿಸಬಹುದು? ಭೂಮಿಯ ಖಾಸಗಿ ಒಡೆತನವನ್ನೂ ಅವನು ಗುಲಾಮಗಿರಿಯ ಹೊಸ ರೂಪವೆಂದೇ ಕಂಡನು. ದೇವರ ರಾಜ್ಯವು ಮನುಷ್ಯನ ಅಂತರಂಗದಲ್ಲಿದೆ ಎಂಬ ವಿಷಯದ ಅವನ ಗ್ರಂಥವನ್ನು ದಕ್ಷಿಣ ಆಫ್ರಿಕದಲ್ಲಿ ಓದಿದ ತರುಣ ವಕೀಲ ಗಾಂಧೀಜಿಯವರ ಮೇಲೆ ಆದ ಪರಿಣಾಮ ಸುಪ್ರಸಿದ್ಧ. 1910ರಲ್ಲಿ ಅವರು ಸ್ಥಾಪಿಸಿದ ನೆಲೆಗೆ ಟಾಲ್‌ಸ್ಟಾಯ್ ಫಾರ್ಮ್ ಎಂದೇ ಹೆಸರಾಯಿತು. 1916ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಸಮಾರಂಭದಲ್ಲಿ ಮಾತನಾಡುತ್ತ ತಾನೂ ಒಬ್ಬ ಅರಾಜಕತಾವಾದಿ, ಆದರೆ ಬೇರೆ ಬಗೆಯವನು ಎಂದು ಗಾಂಧೀಜಿ ಹೇಳಿಕೊಂಡರು.

ಆ ಬೇರೆ ಬಗೆ ಬೆಳಗಾವಿ ಜಿಲ್ಲೆಗೆ ಬಂದದ್ದು ಖಾದಿಯ ರೂಪದಲ್ಲಿ. ಗೋಕಾಕ, ಹುಕ್ಕೇರಿಗಳಿಗೆ ದೂರವಲ್ಲದ ಹುದಲಿಯಲ್ಲಿ ಗಂಗಾಧರರಾವ್ ದೇಶಪಾಂಡೆಯವರು ಕಟ್ಟಿದ ಖಾದಿಯ ಕೆಲಸ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯವರ ಅಧ್ಯಕ್ಷತೆ, 1937ರಲ್ಲಿ ಹುದಲಿಯಲ್ಲಿಯೇ ಸೇರಿದ ಗಾಂಧೀ ಸೇವಾ ಸಂಘದ ಸಮ್ಮೇಳನ, ಇವೆಲ್ಲ ಒಂದೇ ನೂಲಿನ ಎಳೆಗಳು. ಬಟ್ಟೆಗಾಗಿ ಗಿರಣಿಯನ್ನೂ ಶಾಂತಿಗಾಗಿ ಪೊಲೀಸನ್ನೂ ಆಶ್ರಯಿಸದ ಗ್ರಾಮವು ಅವರ ಗುರಿಯಾಗಿತ್ತು.

ಗಾಂಧೀಜಿಯವರ ಈ ಅರ್ಥವಿಚಾರಕ್ಕೆ ಶಾಸ್ತ್ರರೂಪ ಕೊಟ್ಟವರು ತಂಜಾವೂರಿನ ಕ್ರೈಸ್ತ ಮನೆತನದ ಜೆ. ಸಿ. ಕುಮಾರಪ್ಪನವರು ಎಂಬುದು ನಮ್ಮ ಸಭೆಗಳಲ್ಲಿ ಎಷ್ಟು ಮಂದಿಗೆ ಗೊತ್ತು? ಲೆಕ್ಕ ತಪಾಸಕರಾಗಿದ್ದ ಅವರು ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಕಾರ್ಯದರ್ಶಿಯಾದರು. ಯೇಸುವಿನ ಬೋಧನೆ ಮತ್ತು ಆಚರಣೆಯನ್ನು ಕುರಿತ ಅವರ ಪುಸ್ತಕವೂ ಶಾಶ್ವತ ಅರ್ಥವ್ಯವಸ್ಥೆಯನ್ನು ಕುರಿತ ಪುಸ್ತಕವೂ 1945ರಲ್ಲಿ ಪ್ರಕಟವಾದವು. ಕೇಂದ್ರೀಕೃತ ಉತ್ಪಾದನೆಯು ಕೇಂದ್ರೀಕೃತ ಅಧಿಕಾರವನ್ನು ಬೇಡುತ್ತದೆ, ಅದು ಹಿಂಸೆಯಲ್ಲಿ ಕೊನೆಗಾಣುತ್ತದೆ ಎಂಬುದು ಅವರ ವಾದ. ಬಂಡವಾಳಶಾಹಿಯನ್ನೂ ರಾಜ್ಯ ಸಮಾಜವಾದವನ್ನೂ ಅವರು ಈ ಒಂದೇ ತಕ್ಕಡಿಯಲ್ಲಿ ತೂಗಿದರು.

ಪಶ್ಚಿಮದಲ್ಲಿ ಇದೇ ಧಾರೆಯನ್ನು 1933ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಕ್ಯಾಥೊಲಿಕ್ ವರ್ಕರ್ ಚಳವಳಿ ಮುಂದುವರಿಸಿತು. ಡೊರೊಥಿ ಡೇ ಮತ್ತು ಪೀಟರ್ ಮೌರಿನ್ ಹಸಿದವರಿಗೆ ಆತಿಥ್ಯ ಗೃಹಗಳನ್ನು ತೆರೆದರು. ನಗರಸಭೆಯು ತಮ್ಮ ಆಸ್ತಿಯನ್ನು ಪಡೆದು ಪರಿಹಾರ ಕೊಡುವಾಗ ಸೇರಿಸಿದ್ದ ಬಡ್ಡಿಯ ಹಣವನ್ನು 1960ರಲ್ಲಿ ಡೇ ಹಿಂದಿರುಗಿಸಿದರು. ಬಡ್ಡಿಯಿಂದ ಬದುಕುವುದು ಸುವಾರ್ತೆಗೆ ತಕ್ಕದ್ದಲ್ಲ ಎಂದು. ಫ್ರಾನ್ಸಿನ ಪ್ರೊಟೆಸ್ಟಂಟ್ ಚಿಂತಕ ಜಾಕ್ ಎಲ್ಯುಲ್ ಸಹ ಅರಾಜಕತೆಯನ್ನೂ ಕ್ರೈಸ್ತತ್ವವನ್ನೂ ಜೋಡಿಸಿ 1988ರಲ್ಲಿ ಒಂದು ಚಿಕ್ಕ ಗ್ರಂಥವನ್ನು ಬರೆದನು.

ಘಟಪ್ರಭೆಯ ದಡದ ಮೂರು ನಿದರ್ಶನಗಳು

ತತ್ವಗಳನ್ನು ನೆಲದ ಮೇಲಿಟ್ಟು ನೋಡದೆ ಅವುಗಳ ಬಲಾಬಲ ತಿಳಿಯದು. ಮೂರು ನಿದರ್ಶನಗಳನ್ನು ಪರಿಶೀಲಿಸೋಣ.

ಮೊದಲನೆಯದು ಗೋಕಾಕ ಫಾಲ್ಸಿನ ಗಿರಣಿ. 1885ರಲ್ಲಿ ಸ್ಥಾಪಿತವಾದ ಕಂಪನಿಯೊಂದು ಘಟಪ್ರಭೆ ಧುಮ್ಮಿಕ್ಕುವ ಬಲದಿಂದ ನೂಲಿನ ಗಿರಣಿಯನ್ನು ನಡೆಸಲು ಮುಂದಾಯಿತು. ನದಿಯನ್ನು ಸೃಷ್ಟಿಸಿದವನು ಮನುಷ್ಯನಲ್ಲ; ಅದರ ಬಲವನ್ನು ಬಳಸುವ ಹಕ್ಕು ಮಾತ್ರ ವಸಾಹತು ಸರ್ಕಾರದ ಒಪ್ಪಿಗೆಯಿಂದ ಒಂದು ಕಂಪನಿಯದಾಯಿತು. ಟಕರನು ಇದನ್ನು ಏಕಸ್ವಾಮ್ಯವೆನ್ನುವನು. ಬಕುನಿನನು ಗಿರಣಿಯನ್ನು ನೂಲುವವರಿಗೆ ಒಪ್ಪಿಸಿರಿ ಎನ್ನುವನು. ಆದರೆ ಬರಗಾಲಗಳಿಂದ ನೊಂದ ಆ ಸೀಮೆಯಲ್ಲಿ ಎಷ್ಟೋ ಕುಟುಂಬಗಳಿಗೆ ಗಿರಣಿಯ ಸೈರನ್ನೇ ಅನ್ನದ ಕರೆಯಾಗಿತ್ತೆಂಬುದನ್ನೂ, ಊರಿನ ಜಾತಿಕಟ್ಟಿನಿಂದ ಹೊರಬರಲು ಸಂಬಳದ ದಿನವು ಕೆಲವರಿಗೆ ದಾರಿಯಾಯಿತೆಂಬುದನ್ನೂ ಯಾವ ಪಂಥವೂ ಕಡೆಗಣಿಸುವಂತಿಲ್ಲ. ರಾಜ್ಯ, ಬಂಡವಾಳ ಎಂಬ ಎರಡೇ 'ಅರ್ಖೆ'ಗಳನ್ನು ಯೂರೋಪಿನವರು ಕಂಡರು. ನಮ್ಮಲ್ಲಿ ಜಾತಿಯೆಂಬ ಮೂರನೆಯದುಂಟು. ಅರಸನೂ ಸಾಹುಕಾರನೂ ಇಲ್ಲದ ಗ್ರಾಮವು ತಾನಾಗಿ ಸ್ವತಂತ್ರ ಗ್ರಾಮವಾಗದು. ಗ್ರಾಮವನ್ನು ಕೊಂಡಾಡಿದವರಿಗೆ ಡಾ. ಅಂಬೇಡ್ಕರರು ಕೊಟ್ಟ ಉತ್ತರವನ್ನು ಇಲ್ಲಿ ನೆನೆಯಬೇಕು.

ಎರಡನೆಯದು ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಸಹಕಾರಕ್ಕೆ ಈ ಸೀಮೆ ಹೊಸದಲ್ಲ. 1904ರ ಕಾಯ್ದೆಯ ಬೆನ್ನಿಗೆ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘವು ದೇಶದ ಮೊದಲನೆಯದೆಂದು ಹೆಸರಾಗಿದೆ. ಪ್ರೂಧೋನನು ಪ್ಯಾರಿಸಿನಲ್ಲಿ ಮಾಡಲಾರದೆ ಹೋದುದನ್ನು ಒಬ್ಬ ಗ್ರಾಮದ ಗೌಡರು ಮಾಡಿದರು. 1969ರಲ್ಲಿ ದೇಶದಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಸಗಟಾಗಿ ವಿದ್ಯುತ್ತನ್ನು ಕೊಂಡು ತಾಲ್ಲೂಕಿನ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಹಂಚುವ ಈ ಸಂಘವು ರಾಜ್ಯದ ಇಲಾಖೆಯೂ ಅಲ್ಲ, ಖಾಸಗಿ ಕಂಪನಿಯೂ ಅಲ್ಲ. ಗಿರಾಕಿಗಳೇ ಅದರ ಸದಸ್ಯರು. ಪರಸ್ಪರತಾವಾದಿಯು ಇದಕ್ಕಿಂತ ಒಳ್ಳೆಯ ಮಾದರಿಯನ್ನು ಎಲ್ಲಿ ಹುಡುಕುವನು? ಆದರೆ ಅದು ಹುಟ್ಟಿದ್ದು ಸರ್ಕಾರದ ನೆರವಿನಿಂದ. ಅದರ ಆಡಳಿತ ಮಂಡಳಿಗೆ 2025ರಲ್ಲಿ ನಡೆದ ಚುನಾವಣೆಯು ಜಿಲ್ಲೆಯ ಪ್ರಬಲ ರಾಜಕೀಯ ಮನೆತನಗಳ ಪೈಪೋಟಿಯ ಕಣವಾಯಿತು. ಒಡೆತನವು ಎಲ್ಲರದಾದರೂ ಅಧಿಕಾರವು ಕೆಲವರ ಕೈಗೆ ಸೇರುವ ಅಪಾಯ ಉಳಿದೇ ಇರುತ್ತದೆ ಎಂಬುದು ಇಲ್ಲಿನ ಪಾಠ.

ಮೂರನೆಯದು ಕಬ್ಬು. ಕಡಿದ ಕಬ್ಬು ಕಾಯುವುದಿಲ್ಲ. ಒಂದೆರಡು ದಿನ ತಡವಾದರೂ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಕಾರ್ಖಾನೆಯಾದರೋ ಕಾಯಬಲ್ಲುದು. ಆದುದರಿಂದ ಕಾಗದದ ಮೇಲೆ ಸಮಾನವಾದ ಒಪ್ಪಂದವು ಹೊಲದಲ್ಲಿ ಸಮಾನವಲ್ಲ. ಅರಾಜಕ ಬಂಡವಾಳವಾದಿ ಹೇಳುವ 'ಇಷ್ಟ'ವು ಇಲ್ಲಿ ಎಡವುತ್ತದೆ: ಹೊಲದಲ್ಲಿ ಒಣಗುತ್ತಿರುವ ಕಬ್ಬನ್ನು ಸಿಕ್ಕ ಬೆಲೆಗೆ ಕೊಡುವವನ ಒಪ್ಪಿಗೆಯನ್ನು ಸ್ವತಂತ್ರ ಒಪ್ಪಿಗೆಯೆನ್ನಲಾಗದು.

ಈ ಅಸಮತೆಯನ್ನು ತಿದ್ದುವುದಕ್ಕೆ ರಾಜ್ಯವು ನಡುವೆ ಬಂದಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕೇಂದ್ರ ಸರ್ಕಾರವು ನ್ಯಾಯಯುತ ಮತ್ತು ಲಾಭದಾಯಕ ಬೆಲೆಯನ್ನು ಗೊತ್ತುಮಾಡುತ್ತದೆ. 2025-26ರ ಹಂಗಾಮಿಗೆ ಶೇಕಡ 10.25 ಇಳುವರಿಯ ಕಬ್ಬಿಗೆ ಕ್ವಿಂಟಲಿಗೆ 355 ರೂಪಾಯಿ. ಕಬ್ಬು ತಲುಪಿದ 14 ದಿನಗಳೊಳಗೆ ಹಣ ಸಲ್ಲಬೇಕು, ತಪ್ಪಿದರೆ ಶೇಕಡ 15ರ ಬಡ್ಡಿ. ಆದರೆ ಅದೇ ಆದೇಶವು ಒಂದು ಕಾರ್ಖಾನೆಯಿಂದ 15 ಕಿಲೋಮೀಟರ್ ಒಳಗೆ ಮತ್ತೊಂದು ಕಾರ್ಖಾನೆ ತಲೆಯೆತ್ತದಂತೆಯೂ ತಡೆಯುತ್ತದೆ. ಒಂದು ಕೈ ಬೆಳೆಗಾರನಿಗೆ ಕನಿಷ್ಠ ಬೆಲೆಯನ್ನು ಕಾಯುತ್ತದೆ. ಇನ್ನೊಂದು ಕೈ ಕಾರ್ಖಾನೆಗೆ ಪೈಪೋಟಿಯಿಂದ ರಕ್ಷಣೆ ಕೊಡುತ್ತದೆ. ಟಕರನು ಎರಡನೆಯ ಕೈಯನ್ನು ತೋರಿಸಿ ಬಂಡವಾಳದ ಬೇರು ಇಲ್ಲಿದೆ ಎನ್ನುವನು. ಗುರ್ಲಾಪುರದ ರೈತನು ಮೊದಲನೆಯ ಕೈಯನ್ನು ಹಿಡಿದು ಬಿಡಬೇಡ ಎನ್ನುವನು. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ.

ಆದರೆ ಈ ವ್ಯಾಜ್ಯದಲ್ಲಿ ಬಾಯಿಲ್ಲದ ಮೂರನೆಯವನೊಬ್ಬನಿದ್ದಾನೆ. ಮಹಾರಾಷ್ಟ್ರದ ಬೀಡ್ ಕಡೆಯಿಂದಲೂ ನಮ್ಮ ಬರದ ತಾಲ್ಲೂಕುಗಳಿಂದಲೂ ಮುಂಗಡ ಪಡೆದು ಬರುವ ಕಬ್ಬು ಕಡಿಯುವ ಗ್ಯಾಂಗಿನವರು ಹೊಲದಂಚಿನ ಗುಡಿಸಲುಗಳಲ್ಲಿ ಹಂಗಾಮು ಕಳೆಯುತ್ತಾರೆ. ಅವರ ಮಕ್ಕಳ ಶಾಲೆ ಅಷ್ಟು ತಿಂಗಳು ನಿಲ್ಲುತ್ತದೆ. ಟನ್ನಿನ ಬೆಲೆಯ ಚರ್ಚೆಯಲ್ಲಿ ಅವರು 'ಕಟಾವು ಮತ್ತು ಸಾಗಣೆ ವೆಚ್ಚ' ಎಂಬ ಕಳೆಯುವ ಅಂಕಿ ಮಾತ್ರ. ಹೊಲವನ್ನು ಕೊಯ್ದವರ ಹಿಡಿದಿಟ್ಟ ಕೂಲಿಯೇ ಕೂಗುತ್ತದೆಂದು ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಹೇಳುವಾಗ ಅದರ ಕಿವಿ ಇವರ ಕಡೆಗಿದೆ. ಸ್ವಾಧೀನವನ್ನು ಎತ್ತಿಹಿಡಿಯುವ ಪರಸ್ಪರತಾವಾದಕ್ಕೆ ಹೊಲವಿಲ್ಲದವನ ನೆನಪು ಕಡಿಮೆ. ಈ ಕೊರತೆಯನ್ನು ಕ್ರೊಪೊಟ್ಕಿನನು ಸರಿಯಾಗಿ ಗುರುತಿಸಿದ್ದನು.

ಸತ್ಯವೇದದ ಸಾಕ್ಷ್ಯ

ರಾಜ್ಯಾಧಿಕಾರವನ್ನು ಕುರಿತು ಸತ್ಯವೇದವು ಒಂದೇ ಸ್ವರದಲ್ಲಿ ಮಾತನಾಡುವುದಿಲ್ಲ. ನ್ಯಾಯಸ್ಥಾಪಕರು 9ರಲ್ಲಿ ಯೋತಾಮನ ಸಾಮ್ಯವು ಫಲಕೊಡುವ ಮರಗಳೆಲ್ಲ ಅರಸುತನವನ್ನು ನಿರಾಕರಿಸಿದುದನ್ನೂ ಮುಳ್ಳುಪೊದೆಯೊಂದೇ ಒಪ್ಪಿದುದನ್ನೂ ಹೇಳುತ್ತದೆ. 1 ಸಮುವೇಲ 8ರಲ್ಲಿ ಪ್ರವಾದಿಯು ಅರಸನು ಮಕ್ಕಳನ್ನೂ ಹೊಲಗಳನ್ನೂ ದಶಮಾಂಶವನ್ನೂ ಕಿತ್ತುಕೊಳ್ಳುವನೆಂದು ಎಚ್ಚರಿಸುತ್ತಾನೆ. 1 ಅರಸುಗಳು 21ರಲ್ಲಿ ನಾಬೋತನ ದ್ರಾಕ್ಷೇತೋಟವನ್ನು ಕಸಿಯಲು ಸಿಂಹಾಸನವೂ ನ್ಯಾಯಸಭೆಯೂ ಸುಳ್ಳುಸಾಕ್ಷಿಯೂ ಒಂದಾಗುತ್ತವೆ. ಇದು ಒಂದು ಸ್ವರ. ಕೀರ್ತನೆ 72 ದರಿದ್ರರ ಮೊರೆ ಕೇಳುವ ಅರಸನಿಗಾಗಿ ಪ್ರಾರ್ಥಿಸುತ್ತದೆ. ರೋಮಾಪುರದವರಿಗೆ 13 ಅಧಿಕಾರವನ್ನು ಹಿತಕ್ಕಾಗಿ ದೇವರು ಇಟ್ಟ ಸೇವಕನೆನ್ನುತ್ತದೆ. ಇದು ಇನ್ನೊಂದು ಸ್ವರ. ಅರಾಜಕತಾವಾದಿ ಮೊದಲನೆಯದನ್ನು ಮಾತ್ರ ಕೇಳುತ್ತಾನೆ. ರೋಮಾಪುರದವರಿಗೆ 13ನ್ನು ಅದರ ಹಿಂದಿನ ಅಧ್ಯಾಯದ ಪ್ರೀತಿಯ ವಿಧಿಯಿಂದ ಬೇರ್ಪಡಿಸಿ ಓದುವ ಸಭೆಯು ಎರಡನೆಯದನ್ನು ಮಾತ್ರ ಕೇಳುತ್ತದೆ. ಸೇವಕನೆಂದ ಮೇಲೆ ಆತನ ಸೇವೆಯನ್ನು ಪರೀಕ್ಷಿಸುವ ಹಕ್ಕೂ ಕರ್ತವ್ಯವೂ ಅಲ್ಲಿಯೇ ಅಡಗಿವೆ.

ಸ್ವತ್ತಿನ ವಿಷಯದಲ್ಲಾದರೋ ಸಾಕ್ಷ್ಯವು ಇನ್ನೂ ಸ್ಪಷ್ಟ. ಯಾಜಕಕಾಂಡ 25ರ ಪ್ರಕಾರ ಭೂಮಿಯು ಕರ್ತನದು. ಮನುಷ್ಯರು ಆತನ ಬಳಿ ಇಳಿದುಕೊಂಡಿರುವ ಪರದೇಶಿಗಳು. ಐವತ್ತನೆಯ ವರ್ಷದಲ್ಲಿ ಹೊಲವು ಮೊದಲಿನ ಮನೆತನಕ್ಕೆ ಮರಳಬೇಕು. ಇದು ಸ್ವತ್ತಿನ ನಿರಾಕರಣೆಯಲ್ಲ, ಸ್ವತ್ತಿನ ಶೇಖರಣೆಗೆ ಹಾಕಿದ ಒಡ್ಡು. ಮನ್ನವನ್ನು ಹೆಚ್ಚು ಕೂಡಿಟ್ಟವನಿಗೆ ಹುಳ ಬಿತ್ತು ಎಂಬ ವಿಮೋಚನಕಾಂಡ 16ರ ಕಥೆಯೂ ಇದನ್ನೇ ಕಲಿಸುತ್ತದೆ.

ಅರಾಜಕತಾವಾದದೊಡನೆ ಕ್ರೈಸ್ತ ದೇವಶಾಸ್ತ್ರಕ್ಕಿರುವ ಮುಖ್ಯ ಭಿನ್ನಾಭಿಪ್ರಾಯವು ಪಾಪವನ್ನು ಕುರಿತದ್ದು. ಕೆಡುಕು ಸಂಸ್ಥೆಗಳಲ್ಲಿದೆ, ಅವನ್ನು ತೆಗೆದರೆ ಮನುಷ್ಯನ ಸಹಜ ಸದ್ಭಾವ ಅರಳುವುದೆಂದು ಅದರ ಹಲವು ಪಂಥಗಳು ನಂಬುತ್ತವೆ. ಕೆಡುಕು ಹೃದಯದಲ್ಲಿಯೂ ಇದೆ ಎಂದು ನಾವು ಅರಿಕೆಮಾಡುತ್ತೇವೆ. ಅನನೀಯ ಸಪ್ಫೈರರು ಎಲ್ಲವೂ ಸಮುದಾಯದ್ದಾಗಿದ್ದ ಸಭೆಯಲ್ಲಿಯೇ ವಂಚಿಸಿದರು. ಆದರೆ ಇದೇ ಉಪದೇಶವನ್ನು ಪ್ರಭುತ್ವದ ಸಮರ್ಥನೆಗೆ ಬಳಸುವವರು ಅದನ್ನು ಅರ್ಧವೇ ಓದುತ್ತಾರೆ. ಎಲ್ಲರೂ ಪಾಪಿಗಳಾದರೆ ಅರಸನೂ ಪಾಪಿ, ಕಾರ್ಖಾನೆಯ ಒಡೆಯನೂ ಪಾಪಿ, ಸಂಘದ ಅಧ್ಯಕ್ಷನೂ ಪಾಪಿ. ಹಾಗಾದರೆ ಯಾರ ಕೈಯಲ್ಲಿಯೂ ಮಿತಿಯಿಲ್ಲದ ಅಧಿಕಾರವನ್ನು ಇಡಬಾರದೆಂಬುದೇ ಆ ಉಪದೇಶದ ತಾತ್ಪರ್ಯ. ರಾಜ್ಯದ ಅಧಿಕಾರವನ್ನು ಪ್ರಶ್ನಿಸಿ ಹಣದ ಅಧಿಕಾರವನ್ನು ಬಿಟ್ಟುಬಿಡುವ ವಾದವೂ, ಹಣದ ಅಧಿಕಾರವನ್ನು ಪ್ರಶ್ನಿಸಿ ರಾಜ್ಯದ ಅಧಿಕಾರವನ್ನು ಬಿಟ್ಟುಬಿಡುವ ವಾದವೂ ಈ ಪರೀಕ್ಷೆಯಲ್ಲಿ ನಿಲ್ಲಲಾರವು.

ಸಭಾಪಾಲಕರಿಗೆ

ಈ ವಿಚಾರದಿಂದ ಮೂರು ಮಾತುಗಳು ಹೊರಡುತ್ತವೆ. ಮೊದಲನೆಯದಾಗಿ, ಚಳವಳಿಯ ದಿನಗಳಲ್ಲಿ ಪ್ರಸಂಗಪೀಠದಿಂದ 'ಅರಾಜಕತೆ' ಎಂಬ ಮಾತನ್ನಾಡುವ ಮುಂಚೆ, ಯಾರ ಅಧಿಕಾರವು ಯಾರ ಮೇಲೆ ಎಂದು ವಿಚಾರಿಸಿ ತಿಳಿಯಬೇಕು. ಕಲ್ಲೆಸೆದವನನ್ನು ಖಂಡಿಸುವುದು ಸುಲಭ. ತೂಕದ ಕಾಟಾದಲ್ಲಿ ಮೋಸವಿದೆಯೇ, ಬಾಕಿ ಹಣ ಸಂದಿದೆಯೇ ಎಂದು ಕೇಳುವುದೂ ಪ್ರವಾದಿಯ ಕೆಲಸವೇ. ಆಮೋಸನು ಕೇಳಿದ್ದು ಅದನ್ನೇ.

ಎರಡನೆಯದಾಗಿ, ಪಂಥಗಳ ಹೆಸರಿಗಿಂತ ಅವು ಎತ್ತಿದ ಪ್ರಶ್ನೆಗಳು ನಮಗೆ ಉಪಯುಕ್ತ. ಇದು ಸ್ವಾಧೀನವೋ ಸ್ವತ್ತೋ ಎಂದು ಪ್ರೂಧೋನನಿಂದ, ನಮ್ಮ ಹೆಸರಿನಲ್ಲಿ ಆಳುವವರು ಯಾರು ಎಂದು ಬಕುನಿನನಿಂದ, ಹಂಚಿಕೆಯಲ್ಲಿ ಮರೆತವರು ಯಾರು ಎಂದು ಕ್ರೊಪೊಟ್ಕಿನನಿಂದ, ಈ ಲಾಭಕ್ಕೆ ಬೇಲಿ ಕಟ್ಟಿದವರು ಯಾರು ಎಂದು ಟಕರನಿಂದ ಕಲಿಯಬಹುದು. ಕಬ್ಬು ಕಡಿಯುವ ಗ್ಯಾಂಗು ಊರ ಹೊರಗೆ ಇಳಿದಾಗ ಅವರ ಮಕ್ಕಳಿಗೆ ಪಾಠದ ಏರ್ಪಾಡು ಮಾಡಲು ಸಭೆಯು ಯಾವ ಸರ್ಕಾರದ ಆದೇಶಕ್ಕೂ ಕಾಯಬೇಕಾಗಿಲ್ಲ.

ಮೂರನೆಯದು ನಮ್ಮ ಮನೆಯ ಮಾತು. ಅನ್ಯಜನರ ಅಧಿಪತಿಗಳು ದೊರೆತನ ನಡೆಸುತ್ತಾರೆ, ನಿಮ್ಮಲ್ಲಿ ಹಾಗಿರಬಾರದೆಂದು ಕರ್ತನು ಮತ್ತಾಯ 20ರಲ್ಲಿ ತನ್ನ ಶಿಷ್ಯರಿಗೆ ಹೇಳಿದನು. ಅದನ್ನು ಹೇಳಿದ್ದು ಪಿಲಾತನಿಗಲ್ಲ. ಸಭೆಯ ಆಸ್ತಿಯ ವ್ಯಾಜ್ಯಗಳು, ಸಮಿತಿಗಳ ಚುನಾವಣೆಗಳು, ಶಾಲೆ ಆಸ್ಪತ್ರೆಗಳಲ್ಲಿ ಕೆಳಗಿನ ನೌಕರನಿಗೆ ಸಲ್ಲುವ ಸಂಬಳ, ಇವುಗಳಲ್ಲಿ ನಾವು ಯಾವ ರಾಜ್ಯದ ಪ್ರಜೆಗಳೆಂಬುದು ಬಯಲಾಗುತ್ತದೆ. ದೇವರ ರಾಜ್ಯವು ಅರಸನಿಲ್ಲದ ರಾಜ್ಯವಲ್ಲ. ಆದರೆ ಆ ಅರಸನು ಶಿಷ್ಯರ ಕಾಲು ತೊಳೆದವನು. ಗುರ್ಲಾಪುರದ ರಸ್ತೆಯಲ್ಲಿ ಕುಳಿತವನಿಗೂ ಹೊಲದಂಚಿನ ಗುಡಿಸಲಿನಲ್ಲಿ ಮಲಗಿದವನಿಗೂ ಆತನ ಆಳ್ವಿಕೆಯ ಗುರುತು ಎಲ್ಲಿಯಾದರೂ ಕಾಣಬೇಕಾದರೆ ಮೊದಲು ನಮ್ಮ ಸಭೆಗಳಲ್ಲಿ ಕಾಣಬೇಕು.